ಹುಲ್ಲಿನ ಮೆದೆಯಲ್ಲಿ ಸಿಕ್ಕ ಇಲಿ ಮರಿಗಳಿಗೆ ಎಷ್ಟು ದಿನವಾಗಿರಬಹುದು?

ಪ್ರಶ್ನೆ (ಪಾಂಡವಪುರದಿಂದ):
ಇಂದು ಬೆಳಿಗ್ಗೆ ಹಸುವಿಗೆ ಹುಲ್ಲು ಹಿರಿಯುವಾಗ ಮೆದೆಯ ಬುಡದಲ್ಲಿ ಗೂಡು ಸಿಕ್ಕಿತು. ತಾಯಿ ಇಲಿ ಜಿಗಿದು ಓಡಿತು. ಒಳಗೆ ಆರು ಮರಿಗಳು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಮೈಮೇಲೆ ಒಂದು ಕೂದಲಿಲ್ಲ, ಕಿವಿ ತಲೆಗೆ ಅಂಟಿಕೊಂಡಿದೆ. ಹೊಟ್ಟೆಯ ಎಡಕ್ಕೆ ಬಿಳಿ ಮಚ್ಚೆ. ಹುಲ್ಲು ಮುಚ್ಚಿ ಬಂದೆ. ಏಳು ವರ್ಷದ ಮಗಳು "ಅವುಗಳ ಅಮ್ಮ ಬರುತ್ತಾಳಾ?" ಎಂದು ಕೇಳುತ್ತಲೇ ಇದ್ದಾಳೆ. ಹಸುವಿನ ಹಾಲು ಹನಿಸಬಹುದೇ?

ಉತ್ತರ (ಮೈಸೂರು, ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕಿ):
ದಯವಿಟ್ಟು ಹಾಲು ಹನಿಸಬೇಡಿ, ಉಸಿರಿನ ದಾರಿಗೆ ಇಳಿದರೆ ಮರಿ ಉಳಿಯುವುದಿಲ್ಲ. ನೀವು ಕಂಡ ಬಿಳಿ ಮಚ್ಚೆ ತಾಯಿಯ ಹಾಲೇ. ಚರ್ಮ ಅಷ್ಟು ತೆಳುವಾಗಿರುವುದರಿಂದ ಜಠರ ತುಂಬಿರುವುದು ಹೊರಗೇ ಕಾಣುತ್ತದೆ. ಕಿವಿ ಅಂಟಿಕೊಂಡಿದೆ ಎಂದರೆ ಹುಟ್ಟಿ ಮೂರು ನಾಲ್ಕು ದಿನ ದಾಟಿರಲಾರದು. ಮನೆ ಇಲಿಯಾದರೆ ವಾರದೊಳಗೆ ನವಿರು ರೋಮ ಮೂಡುತ್ತದೆ, ಸುಮಾರು 14ನೇ ದಿನಕ್ಕೆ ಕಣ್ಣು ತೆರೆಯುತ್ತದೆ, ಮೂರು ವಾರಕ್ಕೆ ಹಾಲು ಬಿಡುತ್ತದೆ.

ಅಲ್ಲಿಯವರೆಗೆ ಮೈ ಬೆಚ್ಚಗಿಡಲು ಅವಕ್ಕೆ ತಿಳಿದಿರುವುದು ಒಂದರ ಮೇಲೊಂದು ಒತ್ತಿ ಮಲಗುವುದು. ಗೂಡಿನಿಂದ ಉರುಳಿದ ಮರಿ ಚಳಿಗೆ ಕೂಗುತ್ತದೆ, ನಮ್ಮ ಕಿವಿಗೆ ಕೇಳದಷ್ಟು ಏರಿದ ದನಿಯಲ್ಲಿ. ತಾಯಿಗೆ ಕೇಳುತ್ತದೆ, ಬಾಯಲ್ಲಿ ಕಚ್ಚಿ ತರುತ್ತದೆ. ಮೂತ್ರ ಬರಲೂ ತಾಯಿಯೇ ನೆಕ್ಕಬೇಕು.

ಕಾಲೇಜಿನ ಉಗ್ರಾಣದಲ್ಲಿ ಸಿಕ್ಕ ಗೂಡೊಂದನ್ನು ನಾನು ದಿನವೂ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಒಂದು ಮರಿಯ ಒಂದೇ ಕಣ್ಣು ಬಿರಿದಿತ್ತು. ಇನ್ನೊಂದು ಸಂಜೆ ತೆರೆಯಿತು. ಮರುದಿನದಿಂದ ಚಿಕ್ಕ ಸದ್ದಿಗೂ ಮಿಡತೆಯಂತೆ ಚಿಮ್ಮತೊಡಗಿದವು. ಆ ದಿನಗಳನ್ನು ಮಗಳು ತಪ್ಪಿಸಿಕೊಳ್ಳಬಾರದು. ದೂರದಿಂದ ತೋರಿಸಿ.

ಉತ್ತರ (ಮದ್ದೂರಿನಿಂದ):
ಮೇಡಂ ಹೇಳಿದ್ದು ಸರಿ. ಆದರೆ ಅಣ್ಣ, ಆರೇಳು ವಾರಕ್ಕೆ ಈ ಮರಿಗಳೇ ಮರಿ ಹಾಕುವಷ್ಟಾಗುತ್ತವೆ. ಗರ್ಭ ಮೂರು ವಾರ, ಅಷ್ಟೇ. ಭತ್ತದ ಚೀಲಗಳನ್ನು ಮೆದೆಯಿಂದ ದೂರ ಇಡಿ. ಕೇರೆ ಹಾವು ಬಂದರೆ ಹೊಡೆಯಬೇಡಿ.

ಪ್ರಶ್ನೆ ಕೇಳಿದವರು:
ಚೀಲಗಳನ್ನು ಮಧ್ಯಾಹ್ನವೇ ಅಟ್ಟಕ್ಕೆ ಸೇರಿಸಿದೆ. ಸಂಜೆ ಟಾರ್ಚ್ ಹಿಡಿದು ನೋಡಿದರೆ ಗೂಡಿನಲ್ಲಿ ಎರಡೇ ಮರಿಗಳು. ನಾವು ಹಿಂದೆ ಸರಿದು ಕೂತೆವು. ಸ್ವಲ್ಪ ಹೊತ್ತಿಗೆ ತಾಯಿ ಬಂದು ಒಂದನ್ನು ಕಚ್ಚಿಕೊಂಡು ಮೆದೆಯ ಆಚೆ ಬದಿಗೆ ಹೋಯಿತು. ಮಗಳು ಉಸಿರು ಬಿಗಿಹಿಡಿದು, ಆರನೆಯದಕ್ಕಾಗಿ ಅದು ಮತ್ತೆ ಬರುವವರೆಗೂ ನನ್ನ ಕೈ ಬಿಡಲಿಲ್ಲ.