ಸಹಾಯ ಬೇಕು: ನುಡಿ ಫಾಂಟಿನ ಪಿಡಿಎಫ್ ಸ್ಕ್ರೀನ್ ರೀಡರಲ್ಲಿ ಓದ್ಸೋದು ಹೇಗೆ?

ಎಲ್ರಿಗೂ ನಮಸ್ಕಾರ, ಶಿರಸಿ ಕಡೆಯವ ನಾನು, ಕಣ್ಣು ಕಾಣೋದಿಲ್ಲ, ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ (ಪರದೆ ಮೇಲಿದ್ದದ್ದನ್ನ ಓದಿ ಹೇಳೋ ಸಾಫ್ಟ್‌ವೇರ್) ಹಾಕ್ಕೊಂಡು ಇ-ಸ್ಪೀಕ್ ಕನ್ನಡ ದನಿಯಲ್ಲೇ ನೆಟ್ ನೋಡೋದು. ಯೂನಿಕೋಡ್ ಪೇಜಾದ್ರೆ (ಅಂದ್ರೆ ಒಳಗೂ ಕನ್ನಡ ಅಕ್ಷರವೇ ಇದ್ರೆ) ತೊಂದ್ರೆನೇ ಇಲ್ಲ, ಎಚ್ ಒತ್ತಿದ್ರೆ ಹೆಡ್ಡಿಂಗು, ಕೆ ಒತ್ತಿದ್ರೆ ಲಿಂಕು, ಹಾರ್ತಾ ಹೋಗ್ಬಹುದು. ಆದ್ರೆ ನಮ್ಮಲ್ಲಿ ಅರ್ಜಿ, ಸುತ್ತೋಲೆ ಎಲ್ಲ ಇನ್ನೂ ಹಳೇ ನುಡಿ ಫಾಂಟಲ್ಲೇ ಮಾಡಿ ಪಿಡಿಎಫ್ ಹಾಕ್ತಾರೆ ಮಾರಾಯ್ರೆ, ನೋಡೋರಿಗೆ ಕನ್ನಡ, ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ, "ಕನ್ನಡ" ಅಂತ ಇದ್ದಲ್ಲಿ ಪಿ, ಎ, ಪೌಂಡ್ ಅಂತ ಏನೇನೋ ಒದರ್ತದೆ. ಕಾಪಿ ಮಾಡಿ ಯೂನಿಕೋಡ್ ಕನ್ವರ್ಟರಿಗೆ ಹಾಕಿದ್ರೆ ಸಾದಾ ಪ್ಯಾರಾ ಪರ್ವಾಗಿಲ್ಲ, ಟೇಬಲ್ ಬಂತೋ ಯಾವ ಹೆಸ್ರಿನ ಮುಂದೆ ಯಾವ ತಾರೀಖು ಗೊತ್ತಾಗೋದಿಲ್ಲ. ಟೆಸರಾಕ್ಟ್ ಅನ್ನೋ ಸಾಫ್ಟ್‌ವೇರಲ್ಲಿ ಕನ್ನಡ ಓಸಿಆರ್ (ಚಿತ್ರದಲ್ಲಿರೋ ಅಕ್ಷರ ಗುರುತಿಸಿ ಬರಹ ಮಾಡ್ಕೊಡೋದು) ಇದ್ಯಲ್ಲ, ಯಾರಾದ್ರೂ ಇದಕ್ಕೆ ಬಳಸಿದ್ದೀರಾ, ಟೇಬಲ್ ಸರಿ ಬರ್ತದಾ? ಮೌಸ್ ಇಲ್ದೆ ಕೀಬೋರ್ಡಲ್ಲೇ ಆಗ್ಬೇಕು. ದಯವಿಟ್ಟು ಸ್ಕ್ರೀನ್‌ಶಾಟ್ ಹಾಕ್ಬೇಡಿ, ಬರ್ದೇ ಹೇಳಿ.