ಅಪ್‌ಡೇಟ್: ಮುಧೋಳ ಮರಿಗೆ ಯಾವ ಕ್ಲಬ್ಬಿನ ಕಾಗದ?

ಸಿಂಧನೂರಿನಿಂದ ಮತ್ತೆ ನಾನೇ. ಮುಧೋಳ ನಾಯಿಮರಿ ತರೋಕೆ ಮುಂಚೆ ಯಾವ ಕೆನಲ್ ಕ್ಲಬ್ಬಿನ (ನಾಯಿ ತಳಿ ನೋಂದಾಯಿಸೋ ಸಂಸ್ಥೆ) ಕಾಗದ ನಂಬಬೇಕು ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಅಣ್ಣ-ಅಕ್ಕಂದಿರಿಗೆಲ್ಲ ಥ್ಯಾಂಕ್ಸ್.

ಕಾಗದದಲ್ಲಿ ‘ಕ್ಯಾರವಾನ್ ಹೌಂಡ್’ ಅಂತಿದ್ರೆ ಗಾಬರಿ ಬೇಡ. ಕೆನಲ್ ಕ್ಲಬ್ ಆಫ್ ಇಂಡಿಯಾ ಈ ತಳಿಯನ್ನ ಹಾಗೇ ದಾಖಲಿಸುತ್ತೆ. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿನಲ್ಲಿ ಮುಧೋಳ ಅಂತಲೇ ಇದೆ. ನೋಡಬೇಕಾದ್ದು ತಂದೆ-ತಾಯಿ ಎರಡೂ ನಾಯಿಗಳ ನೋಂದಣಿ, ಮತ್ತೆ ಮರಿಯ ಚರ್ಮದ ಕೆಳಗೆ ಹಾಕಿರೋ ಮೈಕ್ರೋಚಿಪ್ ನಂಬರ್. ಹೆಗಲ ಹತ್ತಿರ ಸ್ಕ್ಯಾನರ್ ಹಿಡಿದರೆ ಕಾಗದದಲ್ಲಿರೋ ನಂಬರೇ ಬರಬೇಕು.

ಮರಿ ಮಾರೋ ಗಂಗಾವತಿ ಕಡೆಯ ಒಬ್ಬರಿಗೆ ತಾಯಿ ನಾಯಿಯ ಕಾಗದ ಕೇಳಿದೆ. “ಆಮ್ಯಾಲೆ ಕಳಸ್ತೀನ್ರಿ ಸರ” ಅಂತ ಫೋನ್ ಇಟ್ಟವರು ಇನ್ನೂ ಕಳಿಸ್ತಾನೇ ಇದ್ದಾರೆ! ಸದ್ಯ ಮುಧೋಳ ಹತ್ತಿರ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸ್ತಿದ್ದೀನಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದು ಅನ್ನೋದೇ ಧೈರ್ಯ. ನಮ್ಮವ್ವಂದು ಮಾತ್ರ ಒಂದೇ ತಕರಾರು: “ಕಾಗದ ನೋಡಿ ಕಳ್ಳ ಓಡ್ತಾನೇನು?”