ಸಹಾಯ ಬೇಕು: ಮೊಹರಂ ಸಂಶೋಧನೆಗೆ ಫೆಲೋಶಿಪ್ ಅರ್ಜಿ

ಎಲ್ಲರಿಗೂ ನಮಸ್ಕಾರ. ರಾಯಚೂರು, ಕೊಪ್ಪಳ ಕಡೆಯ ಹಳ್ಳಿಗಳ ಮೊಹರಂ ಮೇಲೆ ಪಿಎಚ್‌ಡಿ ಮುಗಿಸಿದ್ದೇನೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲಿ ಪೀರಲ ದೇವರನ್ನು (ಮೊಹರಂನಲ್ಲಿ ಕೂರಿಸುವ ಪಂಜಾಗಳನ್ನು) ಕೂರಿಸಿದ್ದರು, ಹಣೆ ತುಂಬ ವಿಭೂತಿ ಹಚ್ಚಿದ್ದ ಅಜ್ಜಿಯೊಬ್ಬರು ಅಲಾಯಿ ಕುಣಿಯ (ಮೊಹರಂ ಬೆಂಕಿ ಹಾಕುವ ಗುಂಡಿಯ) ಹತ್ತಿರ ಸಕ್ಕರೆ ಓದಿಸಲು, ಅಂದರೆ ಸಕ್ಕರೆಯ ಮೇಲೆ ಪ್ರಾರ್ಥನೆ ಹೇಳಿಸಲು, ಕಾಯುತ್ತಾ ನಿಂತಿದ್ದರು. ಅದನ್ನು ನೋಡಿದ ಮೇಲೆ ಈ ವಿಷಯ ಬಿಡೋಕೆ ಮನಸ್ಸೇ ಬರುತ್ತಿಲ್ಲ.

ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ತೊಡಕು ಒಂದೇ. 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನದ ಪೀಠಿಕೆಗೆ ಸೇರಿದ ‘ಸೆಕ್ಯುಲರ್’ ಪದಕ್ಕೆ ನಾವು ಜಾತ್ಯತೀತ ಅನ್ನುತ್ತೇವೆ, ಧರ್ಮನಿರಪೇಕ್ಷ ಅಂತಲೂ ಅನ್ನುತ್ತೇವೆ. ಆ ಅಜ್ಜಿಯ ನಂಬಿಕೆಗೆ ಎರಡೂ ಸರಿಹೊಂದಲ್ಲ, ಅಲ್ವಾ? ಇದನ್ನು ಪ್ರಸ್ತಾವನೆಯಲ್ಲಿ ಹೇಗೆ ಹೇಳೋದು?

ಇಂಥ ಅರ್ಜಿ ಬರೆದ ಅನುಭವ ಇರುವವರು ಯಾರಾದರೂ ನನ್ನ ಕರಡು ಓದಿ, ತಪ್ಪಿದ್ದರೆ ನೇರವಾಗಿ ಹೇಳುತ್ತೀರಾ?